ಬೇಸ್‌ಮೆಂಟಿನ ಶವರ್ ನೀರು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮ ಬೇಸ್‌ಮೆಂಟಿನ ಒಂದು ಮೂಲೆಯಲ್ಲಿ ವಾಷಿಂಗ್ ಮೆಷಿನ್ ಇದೆ. ಅದರ ಪಕ್ಕದಲ್ಲೇ ಒಂದು ಶವರ್ ಹಾಕಿಸಬೇಕೆಂದಿದ್ದೇವೆ. ನೀರಿನ ಪೈಪ್ ಹತ್ತಿರದಲ್ಲೇ ಇದೆ, ನೆಲದಲ್ಲಿ ಒಂದು ಜಾಲಿಯೂ ಇದೆ. ಜಾಲಿಯ ಮೇಲೇ ಶವರ್ ಕೂರಿಸಿದರೆ ಆಯ್ತು, ನೆಲ ಒಡೆಯೋದು ಬೇಡ ಅಂತ ಪ್ಲಂಬರ್ ಹೇಳುತ್ತಿದ್ದಾರೆ. ಹಾಗೆ ಮಾಡಬಹುದಾ?

ಉತ್ತರ: ಮಾಡಬಹುದು, ಆದರೆ ಆ ಜಾಲಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾದ ಮೇಲೆ. ಬೇಸ್‌ಮೆಂಟಿಗೆ ನೀರು ತರುವುದು ಸುಲಭ. ಅಲ್ಲಿಂದ ಹೊರಗೆ ಕಳಿಸುವುದೇ ಕಷ್ಟ. ಎಷ್ಟೋ ಮನೆಗಳಲ್ಲಿ ಇಂಥ ಜಾಲಿ ಮಳೆನೀರಿನ ಸಾಲಿಗೋ ಇಂಗುಗುಂಡಿಗೋ ಸೇರಿರುತ್ತದೆ. ಸೋಪಿನ ನೀರು ಅಲ್ಲಿಗೆ ಹೋಗಬಾರದು.

ಮೊದಲು ಒಂದು ಪರೀಕ್ಷೆ ಮಾಡಿ. ಹೊರಗಿನ ಒಳಚರಂಡಿ ಚೇಂಬರ್ ಮುಚ್ಚಳ ತೆಗೆದು ಒಬ್ಬರು ನೋಡುತ್ತಿರಲಿ. ಇನ್ನೊಬ್ಬರು ಜಾಲಿಗೆ ಬಣ್ಣ ಬೆರೆಸಿದ ನೀರು ಸುರಿಯಲಿ. ಒಂದು ಬಕೆಟ್ ಸಾಲದು. ಶವರ್ ಅಂದರೆ ನಿಮಿಷಕ್ಕೆ 8–9 ಲೀಟರ್. ಹತ್ತು ನಿಮಿಷ ಸ್ನಾನಕ್ಕೆ 80–90 ಲೀಟರ್ ಆಯ್ತು. ಆದ್ದರಿಂದ ಎಂಟೊಂಬತ್ತು ಬಕೆಟ್ ಬೆನ್ನು ಬೆನ್ನಿಗೆ ಸುರಿಯಿರಿ. ನೀರು ಜಾಲಿಯ ಸುತ್ತ ನಿಂತರೆ, ಅಥವಾ ಚೇಂಬರ್‌ನಲ್ಲಿ ಬಣ್ಣ ಕಾಣದಿದ್ದರೆ, ಆ ಜಾಲಿಯನ್ನು ಮರೆತುಬಿಡಿ.

ಆಮೇಲೆ ಮನೆಯ ಮುಖ್ಯ ಒಳಚರಂಡಿ ಪೈಪ್ ಗೋಡೆಯಿಂದ ಎಲ್ಲಿ ಹೊರಬೀಳುತ್ತದೆ ನೋಡಿ. ಬೇಸ್‌ಮೆಂಟ್ ನೆಲಕ್ಕಿಂತ ಮೇಲಿದ್ದರೆ ನೀರು ತಾನಾಗಿ ಹತ್ತುವುದಿಲ್ಲ, ಪಂಪ್ ಬೇಕೇ ಬೇಕು. ನೆಲದಲ್ಲಿ ಗುಂಡಿ ತೆಗೆದು ಮುಚ್ಚಳ ಬಿಗಿದ ತೊಟ್ಟಿ ಇಡುತ್ತಾರೆ. ನೀರು ತುಂಬುತ್ತಿದ್ದಂತೆ ಫ್ಲೋಟ್ ಎದ್ದು ಮೋಟಾರ್ ಓಡುತ್ತದೆ. ಮೇಲೆ ಹೋದ ನೀರು ವಾಪಸ್ ಬರದಂತೆ ಒಂದು ವಾಲ್ವ್ ಇರುತ್ತದೆ. ಕರೆಂಟ್ ಹೋದಾಗ ಸ್ನಾನ ಇಲ್ಲ, ಅದನ್ನು ಒಪ್ಪಿಕೊಂಡೇ ಹಾಕಿಸಿ. ಮುಂದೆ ಕಮೋಡ್ ಹಾಕಿಸುವ ಯೋಚನೆ ಇದ್ದರೆ ಮಲವನ್ನೂ ಎತ್ತುವ ಪಂಪನ್ನೇ ಈಗಲೇ ತನ್ನಿ. ಶವರ್ ನೀರಿಗೆ ಮಾತ್ರ ಇರುವ ಪಂಪ್ ಆಗ ಕಟ್ಟಿಕೊಳ್ಳುತ್ತದೆ.

ಮುಖ್ಯ ಪೈಪ್ ನೆಲದ ಕೆಳಗಿದ್ದರೆ ನಿಮ್ಮ ಅದೃಷ್ಟ. ನೆಲ ಒಡೆದು 50 ಮಿ.ಮೀ. ಪೈಪ್ ಹಾಕಿ, ಮೀಟರಿಗೆ 2 ಸೆಂ.ಮೀ. ವಾಟ ಕೊಟ್ಟರೆ ಸಾಕು. ಐದು ಮೀಟರ್ ದೂರವಾದರೆ 10 ಸೆಂ.ಮೀ. ಇಳಿತ. ಅಷ್ಟು ಆಳ ಸಿಗುತ್ತದಾ ಅಂತ ಮೊದಲೇ ಅಳೆಯಿರಿ. ಪಾಯದ ಪಕ್ಕ ಅಗೆಯುವ ಮುಂಚೆ ಎಂಜಿನಿಯರ್‌ಗೆ ತೋರಿಸಲೇಬೇಕು. ಈ ಮಾತಲ್ಲಿ ರಾಜಿ ಬೇಡ.

ಟ್ರ್ಯಾಪ್ ಮತ್ತು ಗಾಳಿ ಪೈಪ್ ಬಗ್ಗೆ ಜಾಸ್ತಿ ಜನ ಕೇಳುವುದೇ ಇಲ್ಲ. ಟ್ರ್ಯಾಪ್ ಅಂದರೆ ಜಾಲಿಯ ಕೆಳಗಿನ ಬಾಗಿದ ಭಾಗ. ಅದರಲ್ಲಿ ನಿಲ್ಲುವ ಸುಮಾರು 50 ಮಿ.ಮೀ. ನೀರೇ ಚರಂಡಿ ವಾಸನೆಯನ್ನು ತಡೆಯುವುದು. ಗಾಳಿ ಪೈಪ್ ಚರಂಡಿ ಪೈಪಿಗೆ ಹೊರಗಿನ ಗಾಳಿ ಕೊಡುತ್ತದೆ. ನಾನು ನೋಡಿದ ಒಂದು ಮನೆಯಲ್ಲಿ ಮೇಲಿನ ಮಹಡಿಯಲ್ಲಿ ಫ್ಲಶ್ ಮಾಡಿದರೆ ಕೆಳಗಿನ ಶವರ್ ಜಾಲಿ ಗೊಳಗೊಳ ಅನ್ನುತ್ತಿತ್ತು. ಪೈಪಿಗೆ ಗಾಳಿ ಸಿಗದೆ ಟ್ರ್ಯಾಪ್‌ನ ನೀರನ್ನೇ ಎಳೆದುಕೊಳ್ಳುತ್ತಿತ್ತು. ಆಮೇಲೆ ವಾಸನೆ. ಮನೆಯವರು ಎರಡು ವರ್ಷ ಫಿನಾಯಿಲ್ ಸುರಿದಿದ್ದರು, ಪಾಪ. ಗಾಳಿ ಪೈಪ್ ಕೊಟ್ಟ ದಿನವೇ ಎರಡೂ ನಿಂತವು.

ಇನ್ನೊಂದು ವಿಷಯ. ಬೀದಿಯ ಒಳಚರಂಡಿ ಕಟ್ಟಿಕೊಂಡರೆ ಕೊಳಕು ನೀರು ಮನೆಯ ಅತಿ ತಗ್ಗಿನ ಬಾಯಿಂದ ಮೇಲೆ ಬರುತ್ತದೆ. ಇನ್ನು ಮೇಲೆ ಆ ಬಾಯಿ ನಿಮ್ಮ ಶವರ್! ನೀರು ಹಿಂದೆ ನುಗ್ಗದಂತೆ ತಡೆಯುವ ವಾಲ್ವ್ ಹಾಕಿಸಿ. ಅದರ ಮೇಲೆ ಟೈಲ್ಸ್ ಮುಚ್ಚಬೇಡಿ, ಕೈಗೆ ಸಿಗುವಂತಿರಲಿ.

ಟೈಲ್ಸ್‌ಗೆ ಮುಂಚೆ ನೆಲದಲ್ಲಿ ತೇವ ಇದೆಯಾ ಅಂತಲೂ ನೋಡಿ. ಪರೀಕ್ಷೆ ಸುಲಭ. ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ತೇವ ಮಣ್ಣಿನಿಂದ ಏರುತ್ತಿದೆ. ಅದನ್ನು ಸರಿಮಾಡದೆ ಟೈಲ್ಸ್ ಹಾಕಿಸುವುದು ಸುಮ್ನೆ ದುಡ್ಡು ದಂಡ. ಹನಿ ಮೇಲ್ಗಡೆ ಕಂಡರೆ ಕೋಣೆಯ ಗಾಳಿಯಲ್ಲೇ ತೇವ ಇದೆ. ಎರಡೂ ಇಲ್ಲದಿದ್ದರೂ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಅದರ ಗಾಳಿ ಮನೆಯ ಹೊರಗೇ ಬೀಳಬೇಕು, ಫಾಲ್ಸ್ ಸೀಲಿಂಗ್ ಒಳಗೆ ಬಿಟ್ಟರೆ ಅಲ್ಲಿ ಬೂಷ್ಟು ಕಟ್ಟುತ್ತದೆ.

ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್‌ಗೆ ಮುಂಚೆ, ಜಾಲಿ ಬಿಗಿಯಾಗಿ ಮುಚ್ಚಿ ನೆಲದಲ್ಲಿ ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಡಿ. ಗೆರೆಯಿಂದ ನೀರು ಇಳಿದಿದ್ದರೆ ಮೇಸ್ತ್ರಿಗೆ ಅಲ್ಲೇ ನಿಂತು ತೋರಿಸಿ. ವಾಷಿಂಗ್ ಮೆಷಿನ್ ಪಕ್ಕದಲ್ಲೇ ಇರುವುದರಿಂದ ಆ ಕರೆಂಟ್ ಲೈನಿಗೆ 30 ಮಿಲಿಆಂಪಿಯರ್‌ನ ಲೀಕೇಜ್ ಬ್ರೇಕರ್ (ಕರೆಂಟ್ ಸೋರಿದರೆ ತಾನಾಗಿ ಲೈನ್ ಆಫ್ ಮಾಡುವ ಸ್ವಿಚ್) ಇರಲಿ.

ಬಣ್ಣದ ನೀರು ಚೇಂಬರ್‌ಗೆ ಬಂತಾ, ಮುಖ್ಯ ಪೈಪ್ ನೆಲದಿಂದ ಎಷ್ಟು ಮೇಲೆ ಅಥವಾ ಕೆಳಗಿದೆ, ಎರಡನ್ನೂ ಬರೆದು ಕಳಿಸಿ. ನೆಲ ಒಡೆಯಬೇಕಾ, ಪಂಪ್ ಬೇಕಾ ಎಂದು ಆಗ ಹೇಳುತ್ತೇನೆ.