16 ಜಿಬಿ ರ‍್ಯಾಮ್ ಇದ್ದರೂ ಲಿನಕ್ಸ್‌ನಲ್ಲಿ ಸ್ವಾಪ್ ಬೇಕೇ?

ಸ್ವಾಪ್ ಎಂದರೆ ರ‍್ಯಾಮಿಗೆ ಪೂರಕವಾಗಿ, ಸಾಮಾನ್ಯವಾಗಿ ಡಿಸ್ಕಿನಲ್ಲಿ, ಮೀಸಲಿಡುವ ಜಾಗ. ಅದನ್ನು ಸ್ವಲ್ಪವಾದರೂ ಇಟ್ಟುಕೊಳ್ಳುವುದು ಒಳ್ಳೆಯದು. ರ‍್ಯಾಮ್ ತೀರಿದಾಗ ಮಾತ್ರ ಸ್ವಾಪ್ ಬಳಕೆಯಾಗುತ್ತದೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ, ತೆರೆದಿಟ್ಟು ಗಂಟೆಗಟ್ಟಲೆ ಮುಟ್ಟದ ಪ್ರೋಗ್ರಾಂಗಳ ಮೆಮೊರಿ ಪುಟಗಳನ್ನು ಕರ್ನಲ್ (ಲಿನಕ್ಸ್‌ನ ತಿರುಳು) ಅಲ್ಲಿಗೆ ಸಾಗಿಸಿ, ತೆರವಾದ ರ‍್ಯಾಮನ್ನು ಫೈಲ್ ಕ್ಯಾಶ್‌ಗೆ (ಡಿಸ್ಕಿನಿಂದ ಓದಿದ ಫೈಲ್‌ಗಳನ್ನು ಮತ್ತೆ ಬೇಗ ಸಿಗುವಂತೆ ಇಟ್ಟುಕೊಳ್ಳಲು) ಬಳಸಿಕೊಳ್ಳಬಲ್ಲದು. ಆದ್ದರಿಂದ ಟರ್ಮಿನಲ್‌ನಲ್ಲಿ ‘ಫ್ರೀ’ (free) ಆದೇಶ ಕೊಟ್ಟಾಗ ಸ್ವಾಪ್ ಸಾಲಿನಲ್ಲಿ ಕೆಲವು ನೂರು ಎಂಬಿ ಕಂಡರೆ ಗಾಬರಿಪಡಬೇಕಾಗಿಲ್ಲ. ಇದಕ್ಕಾಗಿ ಡಿಸ್ಕಿನಲ್ಲಿ ಪ್ರತ್ಯೇಕ ಪಾರ್ಟಿಷನ್ (ವಿಭಾಗ) ಕೂಡ ಬೇಕಿಲ್ಲ: ಲಿನಕ್ಸ್ ವಿತರಣೆಗಳಲ್ಲಿ ಉಬುಂಟು 17.04ರಿಂದ ಸ್ವಾಪ್ ಫೈಲನ್ನು ಬಳಸುತ್ತಿದ್ದರೆ, ಫೆಡೋರಾ 33ರಿಂದ ರ‍್ಯಾಮಿನೊಳಗೇ ದತ್ತಾಂಶವನ್ನು ಕುಗ್ಗಿಸಿಡುವ ಝಡ್‌ರ‍್ಯಾಮನ್ನು ಬಳಸುತ್ತಿದೆ. ನನ್ನ ಒಲವು ಎರಡನೆಯದರತ್ತ. ಆದರೆ ಹೈಬರ್ನೇಟ್ (ತೆರೆದ ಕೆಲಸವನ್ನು ಇದ್ದಂತೆಯೇ ಉಳಿಸಿ ಕಂಪ್ಯೂಟರನ್ನು ಆರಿಸುವುದು) ಬೇಕೆನ್ನುವವರಿಗೆ ಅದು ಸಾಲದು. ರ‍್ಯಾಮಿನಲ್ಲಿರುವುದನ್ನು ಡಿಸ್ಕಿಗೆ ಬರೆದಿಡಬೇಕಾಗುವುದರಿಂದ, ರ‍್ಯಾಮಿನಷ್ಟೇ ದೊಡ್ಡ ಸ್ವಾಪನ್ನು ಡಿಸ್ಕಿನಲ್ಲಿಯೇ ಮೀಸಲಿಡುವುದು ಸುರಕ್ಷಿತ.