ಒಂದೇ ಮೈದಾನದ ಮಣ್ಣು, ಒಂದರಲ್ಲಿ ಟಿಎನ್‌ಟಿ ವಿಪರೀತ, ಮೂರರಲ್ಲಿ ಸೊನ್ನೆ: ಲ್ಯಾಬ್ ತಪ್ಪೇ?

ಹಳೆಯ ಫೈರಿಂಗ್ ರೇಂಜ್‌ನ ನಾಲ್ಕು ಕಡೆಯ ಮಣ್ಣು ಕಳಿಸಿದಿರಿ, ಒಂದರಲ್ಲಿ ಮಾತ್ರ ಟಿಎನ್‌ಟಿ ಎಂಬ ಸ್ಫೋಟಕ ಸಿಕ್ಕಿತು, ಲ್ಯಾಬ್ ಎಡವಿತೇ ಎಂದು ಕೇಳಿದ್ದೀರಿ. ನನ್ನ ಅನುಮಾನ ಲ್ಯಾಬ್ ಮೇಲಲ್ಲ, ಮಣ್ಣು ತೆಗೆದ ರೀತಿಯ ಮೇಲೆ.

ಪೂರ್ತಿ ಸಿಡಿದ ಶೆಲ್ ಬಿಟ್ಟುಹೋಗುವುದು ತೀರಾ ಅಲ್ಪ. ಅರ್ಧಂಬರ್ಧ ಸಿಡಿದದ್ದು ಚೂರುಚೂರಾಗಿ ಚೆಲ್ಲುತ್ತದೆ. 2 ಮಿ.ಮೀ. ದಪ್ಪದ ಟಿಎನ್‌ಟಿ ಚೂರು ಸುಮಾರು 7 ಮಿ.ಗ್ರಾಂ ತೂಗುತ್ತದೆ. 10 ಗ್ರಾಂ ಮಣ್ಣಿನಲ್ಲಿ ಅದೊಂದು ಸೇರಿದರೆ ಸಾಕು, ವರದಿ ಕಿಲೋಗೆ 700 ಮಿ.ಗ್ರಾಂ ಅನ್ನುತ್ತದೆ. ಒಂದಡಿ ಆಚೆ ಏನೂ ಇಲ್ಲದಿರಬಹುದು.

ಹಾಗಾಗಿ ಜಾಗವನ್ನು ಚೌಕಗಳಾಗಿ ಗುರುತಿಸಿಕೊಂಡು 30ರಿಂದ 100 ಕಡೆ, ಮೇಲಿನ 2.5 ಸೆಂ.ಮೀ. ಮಣ್ಣನ್ನು ಸ್ವಲ್ಪ ಸ್ವಲ್ಪ ತೆಗೆದು ಒಂದೇ ಚೀಲಕ್ಕೆ ಹಾಕಿ. ಒಟ್ಟು 1–2 ಕಿಲೋ ಆಗಬೇಕು. ಹುಲ್ಲು ಬೇರು ಕಿತ್ತೆಸೆಯಬೇಡಿ, ಚೂರು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಅದೇ ಜಾಗದೊಳಗೆ ಬೇರೆ ಬೇರೆ ಬಿಂದುವಿನಿಂದ ಶುರುಮಾಡಿ ಇಂಥ ಮೂರು ಚೀಲ ತುಂಬಿಸಿ. ಮೂರೂ ಹತ್ತಿರ ಹತ್ತಿರ ಬಂದರೆ ಮಾತ್ರ ಅಂಕಿ ನಂಬಬಹುದು. ಇದೆಲ್ಲ ಬಾಂಬ್ ನಿಷ್ಕ್ರಿಯ ದಳ ಜಾಗ ತಪಾಸಣೆ ಮಾಡಿದ ಮೇಲೆ. ಕಣ್ಣಿಗೆ ಕಾಣುವ ಸ್ಫೋಟಕದ ಗಡ್ಡೆಗಳನ್ನು ಮುಟ್ಟಲೇಬೇಡಿ.

ಲ್ಯಾಬಿಗೆ 8330ಬಿ ವಿಧಾನವೇ (ಸ್ಫೋಟಕ ಅಳೆಯಲು ಅಮೆರಿಕದ ಪರಿಸರ ಸಂಸ್ಥೆ ಇಪಿಎ ರೂಪಿಸಿದ್ದು) ಬೇಕೆಂದು ಬರೆದುಕೊಡಿ. ಮಣ್ಣು ನೆರಳಲ್ಲಿ ಆರಬೇಕು, ಓವನ್ ಬೇಡ. 2 ಮಿ.ಮೀ. ಜರಡಿಯಿಂದ ಇಳಿದದ್ದನ್ನೆಲ್ಲ ಹಿಟ್ಟಿನಂತೆ ಅರೆದು, ಹರಡಿ, 30 ಕಡೆಯಿಂದ ಚಿಟಿಕೆ ಚಿಟಿಕೆ ತೆಗೆದು 10 ಗ್ರಾಂ ಮಾಡಬೇಕು. ಅರೆಯದೆ ಮೇಲಿಂದ ಒಂದು ಚಮಚ ಎತ್ತಿಕೊಂಡರೆ ನೀವು ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮ. ಆಮೇಲೆ ಸ್ಫೋಟಕವನ್ನು ಕರಗಿಸಿ ತೆಗೆಯಲು ಅಸಿಟೋನೈಟ್ರೈಲ್ ದ್ರಾವಕದಲ್ಲಿ 18 ಗಂಟೆ, ನಂತರ ಎಚ್‌ಪಿಎಲ್‌ಸಿ (ಸಾರದ ರಾಸಾಯನಿಕಗಳನ್ನು ಕಾಲಮ್ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಅಳೆಯುವ ಯಂತ್ರ). ಎರಡನೇ ಕಾಲಮ್‌ನಲ್ಲಿ ಖಚಿತಪಡಿಸಿದರೇ ಎಂದೂ ಕೇಳಿ. ತೂಕದಲ್ಲಿ 10% ಸ್ಫೋಟಕವಿದ್ದರೆ ಮಣ್ಣೂ ಸಿಡಿಯಬಲ್ಲದು, ಆದ್ದರಿಂದ ಅರೆಯುವ ಮೊದಲು ಬಣ್ಣದ ಪರೀಕ್ಷೆ ಮಾಡಿಸಿ: ಅಸಿಟೋನ್ ಸಾರಕ್ಕೆ ಕ್ಷಾರ ಹಾಕಿದಾಗ ಟಿಎನ್‌ಟಿ ಕೆಂಪಾಗುತ್ತದೆ. ಆರ್‌ಡಿಎಕ್ಸ್ ಎಂಬ ಇನ್ನೊಂದು ಸ್ಫೋಟಕ ಇದರಲ್ಲಿ ಕಾಣದು.

"ಟಿಎನ್‌ಟಿ ಇಲ್ಲ" ಎಂದ ಮೂರು ವರದಿಗಳಲ್ಲಿ ಅಮೈನೋ ಡೈನೈಟ್ರೋಟಾಲ್ವೀನ್ ಸಾಲು ನೋಡಿ. ಮಣ್ಣಿನ ಸೂಕ್ಷ್ಮಜೀವಿಗಳು ಟಿಎನ್‌ಟಿಯನ್ನು ಹಾಗೆ ಬದಲಿಸುತ್ತವೆ, ಅದು ಕಂಡರೆ ಅಲ್ಲಿ ಮೊದಲು ಟಿಎನ್‌ಟಿ ಇತ್ತೆಂದು ಅರ್ಥ.

ಹತ್ತಿರ ಬಾವಿಯಿದ್ದರೆ ಆರ್‌ಡಿಎಕ್ಸ್ ಹುಡುಕಿ. ಅದು ಮಣ್ಣಿಗೆ ಅಂಟಿಕೊಳ್ಳದೆ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿಗೆ ಇಪಿಎ ಸಲಹಾ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ. ನೀರಿನ ಮಾದರಿಗೆ ಕಂದು ಗಾಜಿನ ಬಾಟಲಿ, 4 ಡಿಗ್ರಿ ತಂಪು, 7 ದಿನದೊಳಗೆ ಸಾರ ತೆಗೆಯಬೇಕು. ರಾಕೆಟ್ ಹಾರಿಸಿದ ಜಾಗವಾದರೆ ಅದರ ಇಂಧನದಲ್ಲಿರುವ ಪರ್‌ಕ್ಲೋರೇಟ್ ಲವಣಕ್ಕೆ ಬೇರೆಯೇ ಪರೀಕ್ಷೆ ಮಾಡಿಸಿ, ಈ ವಿಧಾನಕ್ಕೆ ಅದು ಸಿಗುವುದಿಲ್ಲ.

ಈಗಿನ ನಾಲ್ಕು ಅಂಕಿಗಳ ಸರಾಸರಿ ಹಾಕಬೇಡಿ. ಹೆಚ್ಚು ಬಂದ ಜಾಗವನ್ನು ಗುರುತು ಮಾಡಿ, ಅದಕ್ಕೊಂದು ಪ್ರತ್ಯೇಕ ಚೌಕ ಮೀಸಲಿಡಿ.