ಡಾಲಸ್‌ಗೆ ಹೊಸದಾಗಿ ಬಂದ ತಂಗಿಗೆ: ಮನೆಯಲ್ಲೇ ಮಕ್ಕಳಿಗೆ ಕಲಿಸುವ ಬಗ್ಗೆ

ತಂಗಿ, ಕರ್ತನ ನಾಮದಲ್ಲಿ ವಂದನೆಗಳು.

ಬೆಂಗಳೂರಿನಿಂದ ಇಲ್ಲಿಗೆ ಬಂದು ಕೆಲವೇ ತಿಂಗಳಾಗಿದೆ ಎಂದು ಬರೆದಿದ್ದೀರಿ. ಯಜಮಾನರದ್ದು ಎಚ್-1ಬಿ ಕೆಲಸದ ವೀಸಾ, ನಿಮ್ಮದು ಅವರ ಮೇಲೆ ಅವಲಂಬಿತರಿಗೆ ಸಿಗುವ ಎಚ್-4. ಮಗಳು ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದಾಳೆ, ಬರುವ ಬೇಸಿಗೆಗೆ ಆರು ತುಂಬುತ್ತದೆ. ಮಗನಿಗೆ ಮೂರು. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಪರಿಚಯವಾದವರಲ್ಲಿ ಬಹಳ ಜನ ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಾರೆ, ನಾವೂ ಮಾಡಬೇಕಾ, ನನ್ನ ಇಂಗ್ಲಿಷ್ ಇಟ್ಟುಕೊಂಡು ಇದು ನನ್ನ ಕೈಲಿ ಆಗುತ್ತಾ, ಊರಿಗೆ ವಾಪಸ್ ಹೋಗಬೇಕಾಗಿ ಬಂದರೆ ಏನು ಗತಿ ಎಂದು ಕೇಳಿದ್ದೀರಿ. ನಮ್ಮ ಮೂವರು ಮಕ್ಕಳೂ ಮನೆಯಲ್ಲೇ ಕಲಿಯುತ್ತಿರುವವರು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ಮಕ್ಕಳನ್ನು ಶಾಲೆಗೆ ಕಳಿಸುವವರ ವಿಶ್ವಾಸ ಕಡಿಮೆ, ಮನೆಯಲ್ಲಿ ಕಲಿಸುವವರದ್ದು ಜಾಸ್ತಿ ಅನ್ನುವ ಲೆಕ್ಕ ದಯವಿಟ್ಟು ಬೇಡ. ಇಲ್ಲಿನ ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಆ ಭಾವನೆ ಗಾಳಿಯಲ್ಲಿ ಇರುತ್ತದೆ. ಹೊಸಬರಿಗೆ ಬೇಗ ತಾಕುತ್ತದೆ. ಜೊತೆಯವರು ಮಾಡುತ್ತಾರೆ ಎಂದು ಶುರು ಮಾಡಿದರೆ ಫೆಬ್ರವರಿ ಬರುವಷ್ಟರಲ್ಲಿ ತಾಯಿ ಸುಸ್ತಾಗಿರುತ್ತಾಳೆ. ನೀವೂ ನಿಮ್ಮ ಯಜಮಾನರೂ ಕೂತು, ಪ್ರಾರ್ಥಿಸಿ, ನಮಗೆ ಇದು ಯಾಕೆ ಬೇಕು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ನಾವು ಬರೆದಿದ್ದು ಇಷ್ಟೇ: ಮಕ್ಕಳು ಚಿಕ್ಕವರಿರುವಾಗ ಅವರ ಜೊತೆ ಇರಬೇಕು, ಸತ್ಯವೇದ (ಬೈಬಲ್) ಮತ್ತು ಕನ್ನಡ ಎರಡೂ ಅವರಿಗೆ ದಿನದ ಊಟದ ಹಾಗೆ ಸಿಗಬೇಕು.

ಕಾನೂನಿನ ಭಯ ಇಟ್ಟುಕೊಳ್ಳಬೇಡಿ. ಅಮೆರಿಕದ 50 ರಾಜ್ಯಗಳಲ್ಲೂ ಇದು ಕಾನೂನುಬದ್ಧ. ನಾವಿರುವ ಟೆಕ್ಸಾಸ್ ಅಂತೂ ಬಹಳ ಸಡಿಲ. ಲೀಪರ್ ಎನ್ನುವ ಕುಟುಂಬ ಮತ್ತು ಇತರರು ಆರ್ಲಿಂಗ್ಟನ್ ಶಾಲಾ ಜಿಲ್ಲೆಯ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ 1994ರಲ್ಲಿ ತೀರ್ಪು ಕೊಟ್ಟಿತು. ಆಗಿನಿಂದ ಇಲ್ಲಿ ಮನೆ ಶಾಲೆಗೆ ಖಾಸಗಿ ಶಾಲೆಯ ಸ್ಥಾನವಿದೆ. ಓದು, ಕಾಗುಣಿತ, ವ್ಯಾಕರಣ, ಗಣಿತ, ಒಳ್ಳೆಯ ಪೌರತ್ವ ಈ ಐದು ವಿಷಯಗಳನ್ನು ನಿಜವಾಗಿ ಕಲಿಸಬೇಕು. ಸರ್ಕಾರಿ ಪರೀಕ್ಷೆ ಇಲ್ಲ, ನೋಂದಣಿ ಇಲ್ಲ, ತಾಯಿಗೆ ಡಿಗ್ರಿ ಬೇಕೆಂಬ ನಿಯಮವೂ ಇಲ್ಲ. ಸೆಪ್ಟೆಂಬರ್ 1ಕ್ಕೆ ಆರು ತುಂಬಿದ ಮಗುವಿಗೆ ಕಡ್ಡಾಯ ಶಿಕ್ಷಣ ಶುರು. ಆದರೆ ನಿಮ್ಮ ಮಗಳು ಈಗಾಗಲೇ ಶಾಲೆಗೆ ಸೇರಿದ್ದಾಳಲ್ಲ, ಅವಳಿಗೆ ಹಾಜರಾತಿ ನಿಯಮ ಈಗಲೇ ಅನ್ವಯಿಸುತ್ತದೆ. ಸುಮ್ನೆ ಕಳಿಸುವುದನ್ನು ನಿಲ್ಲಿಸಬೇಡಿ. ಇಂಥ ದಿನದಿಂದ ಮನೆಯಲ್ಲಿ ಕಲಿಸುತ್ತೇವೆ ಎಂದು ಶಾಲೆಗೆ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.

ಯಜಮಾನರ ಪ್ರಾಜೆಕ್ಟ್ ಬದಲಾಗಿ ಬೇರೆ ರಾಜ್ಯಕ್ಕೆ ಹೋದರೆ ಕಥೆಯೇ ಬೇರೆ. ನ್ಯೂಯಾರ್ಕ್‌ನಲ್ಲಿ ಶಾಲಾ ಜಿಲ್ಲೆಗೆ ತಿಳಿಸಬೇಕು, ವರ್ಷದ ಯೋಜನೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿ ಕಳಿಸಬೇಕು. ಪೆನ್ಸಿಲ್ವೇನಿಯಾದಲ್ಲಿ ವರ್ಷಕ್ಕೆ 180 ದಿನದ ಲೆಕ್ಕ, ಜೊತೆಗೆ ಹೊರಗಿನವರಿಂದ ಮೌಲ್ಯಮಾಪನ. ಎಚ್-1ಬಿ ಮನೆಯವರು ಇದನ್ನು ಮರೆಯಬಾರದು.

ಇನ್ನು ದಿನ ಹೇಗೆ ಸಾಗುತ್ತದೆ ಎಂದು ಕೇಳಿದಿರಿ. ಆರು ಗಂಟೆ ಮೇಜಿನ ಮುಂದೆ ಕೂರಿಸುತ್ತಾರೆ ಎಂದುಕೊಂಡಿದ್ದರೆ ಅದನ್ನು ಬಿಡಿ. ಆರು ವರ್ಷದ ಮಗುವಿಗೆ ಒಂದು, ಒಂದೂವರೆ ಗಂಟೆ ಪಾಠ ಧಾರಾಳವಾಗಿ ಸಾಕು. ಶಾಲೆಯಲ್ಲಿ ಇಪ್ಪತ್ತು ಮಕ್ಕಳನ್ನು ಸಾಲಲ್ಲಿ ನಿಲ್ಲಿಸುವುದಕ್ಕೇ ಎಷ್ಟೋ ಹೊತ್ತು ಹೋಗುತ್ತದೆ. ಮನೆಯಲ್ಲಿ ಆ ಹೊತ್ತು ಉಳಿಯುತ್ತದೆ.

ನಮ್ಮಲ್ಲಿ ತಿಂಡಿ ಆದ ಮೇಲೆ ಅದೇ ಮೇಜಿನಲ್ಲಿ ಎಲ್ಲರೂ ಕೂರುತ್ತೇವೆ. ಒಂದು ಸತ್ಯವೇದದ ಕಥೆ, ಒಂದು ಹಾಡು, ಬಾಯಿಪಾಠಕ್ಕೆ ಬೈಬಲಿನ ಒಂದು ವಚನ, ಆಮೇಲೆ ಪ್ರಾರ್ಥನೆ. ಪ್ರಾರ್ಥನೆಯಲ್ಲಿ ಮಕ್ಕಳು ಯಾರನ್ನು ಬೇಕಾದರೂ ನೆನೆಯಬಹುದು. ಊರಿನ ಅಜ್ಜಿಯ ಮಂಡಿನೋವು, ಪಕ್ಕದ ಮನೆಯ ನಾಯಿ, ಎಲ್ಲವೂ ಬರುತ್ತದೆ. ನಂತರ ದೊಡ್ಡ ಮಕ್ಕಳಿಗೆ ಗಣಿತ, ಓದು, ಕೈಬರಹ. ಒಂದೊಂದು ಪಾಠ ಹದಿನೈದು ಇಪ್ಪತ್ತು ನಿಮಿಷ. ಇಂಗ್ಲೆಂಡಿನ ಷಾರ್ಲೆಟ್ ಮೇಸನ್ ಎನ್ನುವ ಶಿಕ್ಷಕಿಯ ದಾರಿಯನ್ನು ಇಲ್ಲಿ ತುಂಬಾ ಜನ ಹಿಡಿದಿದ್ದಾರೆ. 1923ರಲ್ಲಿ ತೀರಿಕೊಂಡವರು. ಪಾಠ ಚಿಕ್ಕದಿರಲಿ, ಒಳ್ಳೆಯ ಪುಸ್ತಕ ಓದಿ ಹೇಳಿ, ಕೇಳಿದ್ದನ್ನು ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಲಿ, ದಿನಾ ಹೊರಗೆ ಬಿಡಿ, ಆರು ವರ್ಷದ ಒಳಗೆ ಕೂರಿಸಿ ಪಾಠ ಮಾಡಬೇಡಿ ಎನ್ನುತ್ತಿದ್ದರು. ಹಾಗಾಗಿ ನಿಮ್ಮ ಮಗನಿಗೆ ಸದ್ಯಕ್ಕೆ ಏನೂ ಕಲಿಸಬೇಕಿಲ್ಲ. ಅವನು ಬಟ್ಟೆ ಮಡಿಸಲಿ, ಬಟಾಣಿ ಬಿಡಿಸಲಿ, ಕಥೆ ಕೇಳಲಿ.

ಕಷ್ಟ ಇರುವುದು ಪಾಠದಲ್ಲಲ್ಲ, ಆ ಮೂರು ವರ್ಷದವನಲ್ಲಿ. ಅಕ್ಕನಿಗೆ ಅಕ್ಷರ ಹೇಳಿಕೊಡಲು ಕೂತ ಕೂಡಲೇ ಅವನಿಗೆ ನೀರು ಬೇಕು, ಬಾತ್‌ರೂಮಿಗೆ ಹೋಗಬೇಕು, ಅಕ್ಕನ ಪೆನ್ಸಿಲ್ಲೇ ಬೇಕು. ಅದಕ್ಕೆ ಒಂದು ಉಪಾಯವಿದೆ. ದಿನದ ಮೊದಲ ಹೊತ್ತು ಅವನಿಗೇ ಕೊಡಿ. ಮಡಿಲಲ್ಲಿ ಕೂರಿಸಿಕೊಂಡು ಅವನ ಪುಸ್ತಕ ಓದಿ. ಹೊಟ್ಟೆ ತುಂಬಾ ಅಮ್ಮ ಸಿಕ್ಕ ಮಗು ಆಮೇಲೆ ಸ್ವಲ್ಪ ಹೊತ್ತು ತಾನೇ ಆಡುತ್ತದೆ. ಪಾಠದ ಹೊತ್ತಿಗೆ ಮಾತ್ರ ತೆಗೆಯುವ ಒಂದು ಆಟಿಕೆ ಡಬ್ಬಿ ಇರಲಿ. ಗಣಿತವನ್ನು ಅವನು ಮಧ್ಯಾಹ್ನ ಮಲಗಿದಾಗ ಮಾಡಿಸಿದರೂ ಆಗುತ್ತದೆ. ಬೆಳಗ್ಗೆಯೇ ಆಗಬೇಕೆಂದು ಯಾವ ಕಾನೂನೂ ಇಲ್ಲ. ಊಟದ ನಂತರ ಒಂದು ಗಂಟೆ ಎಲ್ಲರೂ ಅವರವರ ಜಾಗದಲ್ಲಿ ಸದ್ದಿಲ್ಲದೆ ಇರಬೇಕು ಎನ್ನುವ ನಿಯಮವನ್ನು ಮೊದಲ ದಿನದಿಂದಲೇ ಮಾಡಿ. ಆ ಒಂದು ಗಂಟೆ ನಿಮ್ಮದು. ಅದರಲ್ಲಿ ಪಾತ್ರೆ ತೊಳೆಯಬೇಡಿ.

ನಾನು ಜೋರಾಗಿ ಹೇಳಬೇಕೆಂದಿರುವುದು ಇದು: ಒಬ್ಬರೇ ಇದನ್ನು ಮಾಡಬೇಡಿ. ನಮ್ಮೂರಲ್ಲಿ ಮಗುವನ್ನು ಅತ್ತೆ ಎತ್ತಿಕೊಳ್ಳುತ್ತಾರೆ, ಪಕ್ಕದ ಮನೆಯವರು ಕರೆಯುತ್ತಾರೆ, ಕೆಲಸದವರು ಬಂದು ಹೋಗುತ್ತಾರೆ. ಇಲ್ಲಿ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ನೀವು ಮತ್ತು ಮಕ್ಕಳು ಅಷ್ಟೇ. ಎಚ್-4 ತಾಯಂದಿರಿಗೆ ಇದು ಇನ್ನೂ ಭಾರ. ಕೆಲಸ ಬಿಟ್ಟು ಬಂದ ನೋವು ಒಳಗೆ ಇರುತ್ತದೆ. ಅದರ ಮೇಲೆ ಮಕ್ಕಳ ಓದಿನ ಹೊಣೆಯೂ ಬಂದರೆ, ಮಗು ಓದಲು ತಡಮಾಡಿದ್ದಕ್ಕೂ ತನ್ನದೇ ತಪ್ಪು ಅನಿಸತೊಡಗುತ್ತದೆ. ಅದಕ್ಕೇ ಪಠ್ಯಕ್ರಮ ಹುಡುಕುವ ಮೊದಲು ಡ್ರೈವಿಂಗ್ ಲೈಸೆನ್ಸ್ ಮಾಡಿಸಿ. ಎಚ್-4ರಲ್ಲೂ ಟೆಕ್ಸಾಸ್ ಲೈಸೆನ್ಸ್ ಸಿಗುತ್ತದೆ. ಈ ಊರಲ್ಲಿ ಕಾರು ಓಡಿಸಲು ಬಾರದಿದ್ದರೆ ಮನೆ ಶಾಲೆ ನಾಲ್ಕು ಗೋಡೆಯಾಗಿಬಿಡುತ್ತದೆ.

ಆಮೇಲೆ ಹತ್ತಿರದ ಕೋ-ಆಪ್ ಹುಡುಕಿ. ಕೆಲವು ಮನೆಯವರು ವಾರಕ್ಕೊಮ್ಮೆ ಸಭೆಯ ಹಾಲಿನಲ್ಲಿ ಸೇರುತ್ತಾರೆ. ಒಬ್ಬ ತಾಯಿ ವಿಜ್ಞಾನದ ಪ್ರಯೋಗ ಮಾಡಿಸಿದರೆ ಇನ್ನೊಬ್ಬರು ಹಾಡು, ಮತ್ತೊಬ್ಬರು ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಒಂದು ಎಚ್ಚರ: ಸರದಿಯಂತೆ ಸಹಾಯ ಮಾಡುವುದು ಬೇರೆ, ದುಡ್ಡು ತೆಗೆದುಕೊಂಡು ಬೇರೆಯವರ ಮಕ್ಕಳಿಗೆ ಕಲಿಸುವುದು ಬೇರೆ. ಎರಡನೆಯದು ಕೆಲಸ. ಎಚ್-4ರಲ್ಲಿ ಕೆಲಸದ ಪರವಾನಗಿ ಕಾರ್ಡ್ ಇಲ್ಲದೆ ಅದನ್ನು ಮಾಡುವಂತಿಲ್ಲ. ಯಾರಾದರೂ ಪ್ರೀತಿಯಿಂದ ಕೇಳಿದರೂ ಬೇಡ ಎನ್ನಿ.

ಸಾರ್ವಜನಿಕ ಲೈಬ್ರರಿ ಈ ದೇಶ ನಮಗೆ ಕೊಟ್ಟ ದೊಡ್ಡ ಉಡುಗೊರೆ ಎಂದು ನನಗೆ ನಿಜವಾಗಿ ಅನಿಸುತ್ತದೆ. ವಿಳಾಸದ ದಾಖಲೆ ತೋರಿಸಿದರೆ ಪುಕ್ಕಟೆ ಕಾರ್ಡ್. ಚೀಲ ತುಂಬಾ ಪುಸ್ತಕ ತರಬಹುದು. ಚಿಕ್ಕ ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ ಇರುತ್ತದೆ. ನನಗೆ ಇಲ್ಲಿನ ಮೊದಲ ಗೆಳತಿ ಸಿಕ್ಕಿದ್ದು ಅಲ್ಲೇ. ಅವರು ಕ್ರೈಸ್ತರೂ ಅಲ್ಲ, ಮನೆಯಲ್ಲಿ ಕಲಿಸುವವರೂ ಅಲ್ಲ. ಅಂಥ ಗೆಳೆತನವೂ ಬೇಕು. ಬರೀ ನಮ್ಮಂಥವರ ನಡುವೆಯೇ ಬೆಳೆದ ಮಕ್ಕಳಿಗೆ ನೆರೆಯವರನ್ನು ಪ್ರೀತಿಸಲು ಹೇಗೆ ಕಲಿಸುವುದು? ಇನ್ನು ಅನೇಕ ಸಭೆಗಳಲ್ಲಿ ವಾರದ ಸಂಜೆ ಅವಾನಾ ನಡೆಯುತ್ತದೆ. ವಚನ ಬಾಯಿಪಾಠ, ಆಟ, ಎರಡೂ ಇರುವ ಮಕ್ಕಳ ಕ್ಲಬ್. ಬೇಸಿಗೆಯಲ್ಲಿ ವಿಬಿಎಸ್, ಅಂದರೆ ರಜೆಯ ಬೈಬಲ್ ಶಾಲೆ, ನಮ್ಮೂರಿನದೇ ಹಾಗೆ. ನಿಮ್ಮ ಮಗಳಿಗೆ ಎರಡೂ ಹಿಡಿಸಬಹುದು.

ಪುಸ್ತಕಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಮನೆ ಶಾಲೆಗೆ ಕ್ರೈಸ್ತ ಪಠ್ಯಪುಸ್ತಕ ತರುವ ಪ್ರಕಾಶಕರಲ್ಲಿ ಅಬೆಕಾ, ಬಿಜೆಯು ಪ್ರೆಸ್ ಇಲ್ಲಿ ಹಳೆಯ ಹೆಸರುಗಳು. ನಮ್ಮ ಊರಿನ ಶಾಲೆಯ ಹಾಗೆ ಕ್ರಮವಾಗಿ, ಅಭ್ಯಾಸ ಪುಸ್ತಕದ ಸಮೇತ ಬರುತ್ತವೆ. ಓದು ಕಲಿಸಲು ಚೆನ್ನಾಗಿವೆ. ಆದರೆ ಅವುಗಳ ವಿಜ್ಞಾನ ಭೂಮಿಗೆ ಕೆಲವೇ ಸಾವಿರ ವರ್ಷ ಎಂಬ ನೆಲೆಯಲ್ಲಿ ನಿಂತಿದೆ. ನಿಮ್ಮ ಮನೆಯ ನಿಲುವು ಏನು ಎಂದು ಕೊಳ್ಳುವ ಮೊದಲೇ ಮಾತಾಡಿಕೊಳ್ಳಿ. ನಾವು ಓದು, ಗಣಿತ ಒಂದು ಕಡೆಯಿಂದ, ವಿಜ್ಞಾನ ಇನ್ನೊಂದು ಕಡೆಯಿಂದ ತೆಗೆದುಕೊಳ್ಳುತ್ತೇವೆ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಮಿಷನರಿ ಕಥೆಗಳ ಕೆಲವು ಪುಸ್ತಕಗಳಲ್ಲಿ ಭಾರತ ಎಂದರೆ ಬರೀ ಕತ್ತಲೆ, ಹಾವು, ಹಸಿವು. ಅದನ್ನು ನಮ್ಮ ಮಕ್ಕಳಿಗೆ ಹಾಗೇ ಓದಿ ಹೇಳಬೇಡಿ. ಅವರ ಅಜ್ಜ ಅಜ್ಜಿ ಅಲ್ಲಿದ್ದಾರೆ. ನಮ್ಮನ್ನು ಕಷ್ಟದಲ್ಲಿ ನೋಡಿಕೊಂಡ ಹಿಂದೂ, ಮುಸ್ಲಿಂ ನೆರೆಯವರು ಅಲ್ಲಿದ್ದಾರೆ. ಯೂರೋಪಿನ ಹಡಗು ಬರುವ ಎಷ್ಟೋ ಶತಮಾನ ಮೊದಲೇ ಕೇರಳದಲ್ಲಿ ಕ್ರೈಸ್ತರಿದ್ದರು ಎಂದು ಹೇಳಿಕೊಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಕಥೆ ಹೇಳಿ. ಆಮೇಲೆ ಅದೇ ಮಿಷನ್ನಿನಿಂದ ಬಂದ ಮೊಗ್ಲಿಂಗ್ 1843ರಲ್ಲಿ ಮಂಗಳೂರು ಸಮಾಚಾರ ಎನ್ನುವ ಕನ್ನಡ ಪತ್ರಿಕೆ ಹೊರಡಿಸಿದರು, ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು. ಪರದೇಶದವರು ಅಷ್ಟು ಪ್ರೀತಿಯಿಂದ ಕಲಿತ ಭಾಷೆಯನ್ನು ನಮ್ಮ ಮಕ್ಕಳು ಪರದೇಶದಲ್ಲಿ ಬಿಟ್ಟುಬಿಡುವುದು ನನಗೆ ಸಹಿಸಲಾಗದು. ನಮ್ಮ ಮನೆಯಲ್ಲಿ ರಾತ್ರಿಯ ಕುಟುಂಬ ಪ್ರಾರ್ಥನೆ ಕನ್ನಡದಲ್ಲೇ. ಕರ್ತನ ಪ್ರಾರ್ಥನೆ, 23ನೇ ಕೀರ್ತನೆ ಕನ್ನಡದಲ್ಲಿ ಬರುತ್ತದೆ. ದೊಡ್ಡವಳು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಜ್ಜನಿಗೆ ಒಂದು ವಚನ ಓದಿ ಹೇಳುತ್ತಾಳೆ. ಅಕ್ಷರ ಕಲಿಯಲು ಅವಳಿಗೆ ಬೇರೆ ಕಾರಣ ಬೇಕಾಗಲಿಲ್ಲ.

ಇನ್ನು ನಿಮ್ಮ ಇಂಗ್ಲಿಷ್ ಬಗ್ಗೆ ಚಿಂತೆ ಬೇಡ. ನಿಮ್ಮ ಇಂಗ್ಲಿಷ್ ಸಾಕು. ಉಚ್ಚಾರಣೆ ಮಕ್ಕಳು ಪಾರ್ಕಿನಲ್ಲಿ ಕಲಿಯುತ್ತಾರೆ.

ಊರಿಗೆ ವಾಪಸ್ ಹೋಗುವ ಮಾತು ನಿಜಕ್ಕೂ ಗಂಭೀರ. ಕೆಲಸ ಹೋದರೆ ಎಚ್-1ಬಿ ಮನೆಗೆ ಇಲ್ಲಿರಲು ಸಿಗುವುದು ಹೆಚ್ಚೆಂದರೆ 60 ದಿನ. ಆ ಗಡಿಬಿಡಿಯಲ್ಲಿ ಮಗುವಿನ ದಾಖಲೆ ಹುಡುಕಲು ಆಗುವುದಿಲ್ಲ. ಆದ್ದರಿಂದ ಟೆಕ್ಸಾಸ್ ಕೇಳದಿದ್ದರೂ ಪ್ರತಿ ವರ್ಷ ಒಂದು ಫೈಲ್ ಮಾಡಿ: ಕಲಿಸಿದ ವಿಷಯ, ಓದಿದ ಪುಸ್ತಕಗಳ ಪಟ್ಟಿ, ತಿಂಗಳಿಗೆ ಒಂದೆರಡು ಹಾಳೆ ಮಗುವಿನ ಬರಹ, ಹಾಜರಾತಿ. ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು ಎನ್ನುತ್ತದೆ. ಆದರೂ ಖಾಸಗಿ ಶಾಲೆಯವರು ಹಳೆಯ ಶಾಲೆಯ ಕಾಗದ ಕೇಳುತ್ತಾರೆ, ಫೈಲ್ ಇದ್ದರೆ ಮಾತು ಸುಲಭ. ದೊಡ್ಡ ಮಕ್ಕಳಿಗೆ ಎನ್‌ಐಒಎಸ್ (ಶಾಲೆಗೆ ಹೋಗದೆ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆ) ದಾರಿಯೂ ಇದೆ. ಮತ್ತೆ ಕರ್ನಾಟಕದಲ್ಲಿ 2015ರ ಕಾಯ್ದೆಯಿಂದಾಗಿ ಯಾವ ಬೋರ್ಡ್ ಆದರೂ ಮಕ್ಕಳು ಕನ್ನಡ ಕಲಿಯಬೇಕು. ರಾತ್ರಿಯ ಆ ಪ್ರಾರ್ಥನೆ ಅಲ್ಲೂ ಕೈ ಹಿಡಿಯುತ್ತದೆ.

ಶಾಲೆಗೆ ಹೋಗುವ ಮಕ್ಕಳಿಗೆ ಅಲ್ಲೇ ಕಣ್ಣು, ಕಿವಿ ಪರೀಕ್ಷೆ ಆಗುತ್ತದೆ. ನಮ್ಮ ಮಕ್ಕಳಿಗೆ ನಾವೇ ನೆನಪಿಟ್ಟು ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಮಾಡಿಸಬೇಕು. ನಿಮ್ಮ ಮಗ ಇನ್ನೂ ಹೆಚ್ಚು ಮಾತಾಡುವುದಿಲ್ಲ ಎಂದು ಕೊನೆಯಲ್ಲಿ ಒಂದು ಸಾಲು ಬರೆದಿದ್ದಿರಿ. ಎರಡು ಭಾಷೆಯ ಮಗು, ತಡವಾಗುತ್ತೆ ಬಿಡಿ ಎಂದು ಯಾರು ಹೇಳಿದರೂ ಕಾಯಬೇಡಿ. ಮೂರು ತುಂಬಿದ ಮಗುವನ್ನು ಪರೀಕ್ಷಿಸುವಂತೆ ನಿಮ್ಮ ಶಾಲಾ ಜಿಲ್ಲೆಗೆ ಬರಹದಲ್ಲಿ ಕೇಳಬಹುದು. ಮಗು ಆ ಶಾಲೆಗೆ ಸೇರಿರಲೇಬೇಕು ಅಂತಿಲ್ಲ, ದುಡ್ಡೂ ಕೊಡಬೇಕಿಲ್ಲ. ಈ ಕೆಲಸ ಈ ವಾರವೇ ಮಾಡಿ. ಉಳಿದದ್ದೆಲ್ಲ ನಿಧಾನಕ್ಕೆ ಆಗಲಿ.

ಮಗಳು ಮೇ ತಿಂಗಳ ಕೊನೆಯವರೆಗೆ ಶಾಲೆಗೇ ಹೋಗಲಿ. ಅವಳಿಗೆ ಟೀಚರ್ ಇಷ್ಟ ಎಂದಿದ್ದೀರಿ, ಮಧ್ಯದಲ್ಲಿ ಬಿಡಿಸುವ ಅಗತ್ಯವಿಲ್ಲ. ಅಷ್ಟರಲ್ಲಿ ನೀವು ಗಾಡಿ ಕಲಿಯಿರಿ. ಒಂದು ಬೆಳಗ್ಗೆ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿ, ಮನೆ ಒಪ್ಪ ಮಾಡದೆ ಇರುತ್ತೇನೆ, ನಮ್ಮ ದಿನ ಹೇಗಿರುತ್ತದೋ ಹಾಗೇ ನೋಡಿ. ಗಾಡಿ ಬರುವವರೆಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ನಿಮ್ಮ ಅಪಾರ್ಟ್‌ಮೆಂಟ್ ಯಾವ ಕಡೆ ಎಂದು ತಿಳಿಸಿ.